ಹನ್ನೆರಡನೇ ಬೀದಿಯ ಬಾಗಿಲು

ಸಮಾನ ಹಕ್ಕಿಗಾಗಿ ಹೋರಾಡಿದ ಆ ಮುಂದಾಳಿನ ಹೆಸರು ಹೊತ್ತ ಬೀದಿಗಳು ಊರಲ್ಲಿ ಹನ್ನೆರಡು. ಸಾಕ್ಷ್ಯಚಿತ್ರಕ್ಕೆಂದು ಕ್ಯಾಮೆರಾದವಳೂ ಮೈಕ್ ಹಿಡಿಯುವ ಅವಳ ತಮ್ಮನೂ ಹನ್ನೊಂದನ್ನು ಸುತ್ತಿ ಮುಗಿಸಿದ್ದರು. ಆ ಮುಂದಾಳು ಯಾರು ಎಂದು ಬೀದಿಯವರನ್ನು ಕೇಳಿದರೆ ಒಬ್ಬ ಡಾಕ್ಟರು ಅಂದ, ಇನ್ನೊಬ್ಬ ಚರಂಡಿ ಕಟ್ಟಿಸಿದ ಕಂಟ್ರಾಕ್ಟರು ಅಂದ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಹಾಗೆ.

ಹನ್ನೆರಡನೆಯದರಲ್ಲಿ, ಟೈಲರ್ ಅಂಗಡಿಯ ಮೇಲಿನ ಮನೆಯಲ್ಲಿ, ಅವರನ್ನು ಕಣ್ಣಾರೆ ಕಂಡ ಅಜ್ಜಿ ಸಿಕ್ಕಳು. ಓದುಬರಹ ಬಾರದವಳು. ಮಾರನೆಯ ದಿನವೇ ಗಂಟಲಿನ ಆಪರೇಷನ್; ಆಮೇಲೆ ದನಿ ಇರುವುದಿಲ್ಲವೆಂದು ಡಾಕ್ಟರು ಹೇಳಿಬಿಟ್ಟಿದ್ದರು. ಮಗಳನ್ನು ಹೊರಗೆ ಕಳಿಸಿ, ಅವಳಿಗೂ ಹೇಳದ್ದನ್ನು ನಲವತ್ತು ನಿಮಿಷ ಹೇಳಿದಳು. ಲಾಠಿಯವರು ಅಟ್ಟಿಸಿಕೊಂಡು ಬಂದ ದಿನ ಆ ಮನುಷ್ಯ ಈ ಬೀದಿಯಲ್ಲಿ ಒಂದೇ ಒಂದು ಬಾಗಿಲು ಬಡಿದಿದ್ದರು. ಒಳಗಿನಿಂದ ಚಿಲಕ ಹಾಕಿದವಳು ತಾನು. ಹೊರಗೆ ಏಟು ಬೀಳುವ ಸದ್ದು ಕೇಳುತ್ತಾ ನಿಂತವಳೂ ತಾನೇ.

ಬೆಳಿಗ್ಗೆ ಕಾರ್ಡನ್ನು ಕಂಪ್ಯೂಟರಿಗೆ ಹಾಕಿ ನೋಡಿದಾಗ ಕ್ಯಾಮೆರಾದವಳಿಗೆ ಅಜ್ಜಿ ಎಲ್ಲೂ ಕಾಣಲಿಲ್ಲ. ಕೆಳಗೆ ಬೀದಿಯ ಬೋರ್ಡನ್ನು ಚಿತ್ರೀಕರಿಸಿದವಳು ರೆಕಾರ್ಡ್ ನಿಲ್ಲಿಸಲು ಮರೆತಿದ್ದಳು. ಅಜ್ಜಿಯೆದುರು ಶುರು ಎಂದು ಗುಂಡಿ ಒತ್ತಿದಾಗ ಅದು ನಿಂತಿತ್ತು. ಮುಗಿಯಿತೆಂದು ಒತ್ತಿದಾಗ ಶುರುವಾಗಿತ್ತು. ಇದ್ದದ್ದು ಮೆಟ್ಟಿಲು, ಚಪ್ಪಲಿ, ಮತ್ತೆ ಮೆಟ್ಟಿಲು. ಮೈಕಿನ ವೈರೂ ಅದೇ ಕ್ಯಾಮೆರಾಕ್ಕಿದ್ದರಿಂದ ಮಾತೂ ದಕ್ಕಲಿಲ್ಲ. ಕೆಂಪು ದೀಪ ನೋಡಬೇಕಾದವಳು ಅಜ್ಜಿಯ ಮುಖ ನೋಡುತ್ತಾ ಕೂತಿದ್ದಳು.

ಎದ್ದೆನೋ ಬಿದ್ದೆನೋ ಎಂದು ಆಸ್ಪತ್ರೆಗೆ ಓಡಿದಳು. ಅಷ್ಟರಲ್ಲಿ ಅಜ್ಜಿಯನ್ನು ಒಳಗೆ ಕರೆದೊಯ್ದಾಗಿತ್ತು. ಕೆಟ್ಟ ಮೇಲೆ ಬುದ್ಧಿ ಬರುತ್ತದಂತೆ. ಇವಳಿಗೆ ಬರೀ ಅಳು ಬಂತು.

ನಾಲ್ಕನೇ ದಿನ ನೋಡಲು ಬಿಟ್ಟರು. ಗಂಟಲಿಗೆ ಪಟ್ಟಿ ಸುತ್ತಿದ ಅಜ್ಜಿ ಕ್ಯಾಮೆರಾದ ಚೀಲ ತೋರಿಸಿದಳು, ಆಮೇಲೆ ಮಗಳ ಕಿವಿ ಮುಟ್ಟಿದಳು. ಈಗ ಇವಳು ಕೇಳಲಿ ಎಂದು. ಮಗಳು ಕುರ್ಚಿ ಎಳೆದುಕೊಂಡು ಕೂತಳು.

ಕ್ಯಾಮೆರಾದವಳು ಆದ ಅನಾಹುತವನ್ನು ಹೇಳಿ, ಅಜ್ಜಿಯ ಕಾಲು ಹಿಡಿದುಕೊಂಡಳು.

"ನಂಗೆಲ್ಲಾ ನೆನಪಿದೆ ಅಜ್ಜಿ. ನಾನೇ ಹೇಳ್ತೀನಿ."

ಬಾಗಿಲು ಬಡಿದಲ್ಲಿಯವರೆಗೆ ಒಂದಕ್ಷರವೂ ತಪ್ಪಲಿಲ್ಲ. ಆಮೇಲೆ ಮಗಳ ಮುಖ ಕಣ್ಣಿಗೆ ಬಿತ್ತು.

"ಯಾರದೋ ಮನೆ. ಒಳಗಿಂದ ಚಿಲಕ ಹಾಕ್ಬಿಟ್ರು."

ಅಜ್ಜಿ ಅಲ್ಲವೆಂದು ತಲೆಯಾಡಿಸಿದಳು. ತನ್ನ ಎದೆ ಬಡಿದುಕೊಂಡಳು, ಮತ್ತೆ ಮತ್ತೆ ಬಡಿದುಕೊಂಡಳು. ಮಗಳು ಆ ಕೈಗಳನ್ನು ಹಿಡಿದು ಸವರಿದಳು.

"ಅಳಬೇಡಮ್ಮ. ಎಂಥಾ ಪಾಪಿಗಳೋ ಏನೋ."

ಅಜ್ಜಿ ಬಾಯಿ ತೆರೆದು ಕ್ಯಾಮೆರಾದವಳನ್ನೇ ನೋಡಿದಳು. ಅವಳು ಕಥೆ ಮುಂದುವರಿಸಿದಳು.