ದ್ಯಾಮವ್ವನಿಗೆ ಬಿಟ್ಟ ಕೋಣ

ಪುರಸಭೆ ಪುಕ್ಕಟೆ ಹಣ ಕೊಡುತ್ತದೆಂದು ಕೇಳಿ ಜೋಪಡಿಯವರೆಲ್ಲ ಕುಣಿದಾಡಿದರು. ದೇವಕ್ಕನಿಗೆ ಮಾತ್ರ ಕೈಕಾಲು ತಣ್ಣಗಾದವು.

ಅದು ಎಪ್ಪತ್ಮೂರನೇ ಇಸವಿ. ಮುಂಬಯಿಯ ಬೊರಿವಲಿ ದಾಟಿದರೆ ಸಿಗುವ ಆ ಪುಟ್ಟ ಊರಿನ ಪುರಸಭೆ, ಕೆಲಸ ಇರಲಿ ಬಿಡಲಿ, ಪ್ರತಿ ಬಡ ಮನೆಗೂ ತಿಂಗಳು ತಿಂಗಳು ರೇಷನ್ನಿಗಾಗುವಷ್ಟು ಕೊಡುವುದೆಂದು ಠರಾವು ಮಾಡಿತ್ತು. ದೇವಕ್ಕನ ಗಂಡ ನಿಂಗಣ್ಣ ಸಮುದ್ರದ ಖಾಡಿಗೆ ಕಟ್ಟುತ್ತಿದ್ದ ಸೇತುವೆಯ ಕೆಲಸದಲ್ಲಿ ಮೇಲಿಂದ ಬಿದ್ದು, ಕಾಲು ಮುರಿದುಕೊಂಡು ಮಲಗಿದ್ದ. ಆ ಹಣ ಅವರಿಗೆ ಬೇಕೇ ಬೇಕಿತ್ತು. ಆದರೆ ವಿಜಾಪುರದ ಕಡೆಯಿಂದ ಬಂದು ಅಲ್ಲಿ ಕಲ್ಲು ಹೊರುತ್ತಿದ್ದವರಿಗೆಲ್ಲ, ದೊಡ್ಡ ಸೇತುವೆ ನರಬಲಿ ಕೇಳುತ್ತದೆಂಬ ನಂಬಿಕೆ. ಒಂದು ಕಂಬ ಆಗಲೇ ಕುಸಿದಿತ್ತು.

"ದುಡಿಸಲಾರದ ಉಣ್ಣಾಕ ಹಾಕೂದು ಯಾರಿಗಿ? ದ್ಯಾಮವ್ವಗ ಬಿಟ್ಟ ಕ್ವಾಣಕ್ಕ," ಎಂದಳು ದೇವಕ್ಕ.

ಊರಲ್ಲಿ ದೇವಿಗೆ ಬಿಟ್ಟ ಕೋಣವನ್ನು ಯಾರೂ ನೇಗಿಲಿಗೆ ಹೂಡುವುದಿಲ್ಲ, ಯಾರ ಹೊಲ ಮೇದರೂ ಹೊಡೆಯುವುದಿಲ್ಲ. ಕಡೆಗೊಂದು ದಿನ ಕತ್ತಿ ಹಿಡಿದು ಬರುತ್ತಾರೆ, ಅಷ್ಟೇ.

ನಿಂಗಣ್ಣ ನಕ್ಕುಬಿಟ್ಟ. "ಕುಂಟ ಕ್ವಾಣ ದ್ಯಾಮವ್ವಗ ನಡ್ಯಾಂಗಿಲ್ಲ. ಸುಮ್ನ ರೊಟ್ಟಿ ಬಡಿ."

ಹಣ ಬಂತು. ದೇವಕ್ಕ ಅದನ್ನು ಮುಟ್ಟಲೂ ಹೆದರಿ ದೇವರ ಫೋಟೋದ ಹಿಂದೆ ತುರುಕಿಟ್ಟಳು. ಹೊಟ್ಟೆ ಕೇಳಬೇಕಲ್ಲ, ಕಡೆಗೆ ಜೋಳ ತಂದಳು. ಹೊರಗೆ ಯಾರದೇ ಬೂಟಿನ ಸದ್ದಾದರೂ ಗಂಡನ ಮುಂದೆ ಅಡ್ಡ ನಿಲ್ಲುತ್ತಿದ್ದಳು. ಕಾಲು ಪೂರ್ತಿ ಕೂಡುವವರೆಗೆ ಮೇಲೆ ಹತ್ತಲೇಬಾರದೆಂದು ಡಾಕ್ಟರು ನಿಂಗಣ್ಣನಿಗೆ ತಾಕೀತು ಮಾಡಿದ್ದರು. ಪುರಸಭೆಯ ಹಣ ಇರುವಾಗ ಹತ್ತುವ ಗರಜೂ ಇರಲಿಲ್ಲ.

ಮಳೆಗಾಲಕ್ಕೆ ಮೊದಲೇ ಮುಂಬಯಿಯ ದೊಡ್ಡ ಕಚೇರಿಯಿಂದ ಹುಕುಂ ಬಂತು. ದುಡಿಯದವರಿಗೆ ಹಣ ಹಂಚುವ ಅಧಿಕಾರ ಪುರಸಭೆಗೆ ಇಲ್ಲವಂತೆ. ಜೋಪಡಿಯವರು ಬಾಯಿಗೆ ಬಂದಂತೆ ಬೈದರು. ದೇವಕ್ಕನೊಬ್ಬಳೇ ಹುಚ್ಚಿಯ ಹಾಗೆ ಮನೆಮನೆಗೆ ಬೆಲ್ಲ ಹಂಚಿದಳು. ಗಂಡ ಉಳಿದ ಎಂದುಕೊಂಡಳು ಪಾಪ.

ಮರುದಿನ ನಿಂಗಣ್ಣ, ಕಲ್ಲು ಹೊರಲು ಹೊರಟ ಅವಳ ಜೊತೆಗೇ ಸೇತುವೆಗೆ ಹೊರಟ. ಊರುಗೋಲನ್ನು ದಾರಿಯ ಪೊದೆಯಲ್ಲಿ ಬಚ್ಚಿಟ್ಟ. ಇನ್ನೂ ಕುಂಟುತ್ತಾನೆಂದು ಗೊತ್ತಾದರೆ ಮುಕಾದಮ ಕಾಶಪ್ಪ ಕೆಲಸ ಕೊಡುತ್ತಿರಲಿಲ್ಲ.

"ಇನ್ನ ದುಡದು ಉಣ್ಣೂನು. ಹೆದರಬ್ಯಾಡ," ಎಂದು ನಿಂಗಣ್ಣ ಬಿದಿರಿನ ಅಟ್ಟಣಿಗೆ ಹತ್ತತೊಡಗಿದ.

ದೇವಕ್ಕ ಬುಟ್ಟಿ ಹೊತ್ತು ಕೆಳಗೆ ನಿಂತಿದ್ದಳು. ಅಷ್ಟೆತ್ತರದಲ್ಲಿ ಅವನ ಆ ಕಾಲು ಥರಥರ ನಡುಗುವುದು ಕಾಣಿಸಿತು. ದ್ಯಾಮವ್ವಾ, ಅವ ಕುಂಟ ಅದಾನ, ನಿನಗ ನಡ್ಯಾಂಗಿಲ್ಲ ಎಂದು ಕೂಗಬೇಕೆನಿಸಿತು. ಪಕ್ಕದಲ್ಲೇ ಕಾಶಪ್ಪ ನಿಂತಿದ್ದ. ದೇವಕ್ಕ ಬಾಯಿಗೆ ಸೆರಗು ತುರುಕಿಕೊಂಡಳು.