ಸತ್ಯವತಿ ಟೀಚರ ಕೊನೆಯ ಕವಲು

ಸತ್ಯವತಿ ಟೀಚರ ಧ್ವನಿ ಎಷ್ಟು ಮೆದುವೆಂದರೆ, ಅವರು ಪಾಠ ಆರಂಭಿಸಿದೊಡನೆ ಅದನ್ನು ಕೇಳಿಸಿಕೊಳ್ಳಲೆಂದೇ ಇಡೀ ತರಗತಿ ಉಸಿರು ಬಿಗಿಹಿಡಿಯುತ್ತಿತ್ತು. ಉಪ್ಪಳದ ಬಳಿಯ ನಮ್ಮ ಕಾಲೇಜಿನಲ್ಲಿ ಅವರು ಸಂಖ್ಯಾಶಾಸ್ತ್ರ ಕಲಿಸುತ್ತಿದ್ದರು, ನಾನು ಕನ್ನಡ. ಹತ್ತಿಯ ಸೀರೆಯ ಮೇಲೆ, ಗಲ್ಫಿನಲ್ಲಿದ್ದ ತಮ್ಮ ತಂದುಕೊಟ್ಟ ಬೂದುಬಣ್ಣದ ಗಂಡಸರ ಕೋಟು ತೊಟ್ಟು, ಎಡಕ್ಕೆ ತುಸು ವಾಲಿ ಅವರು ಕಂಪ್ಯೂಟರ್ ಕೋಣೆಯತ್ತ ನಡೆಯುವುದನ್ನು ಕಂಡು ಹೊಸ ಮಕ್ಕಳು ನಗುತ್ತಿದ್ದರು. ಆ ಕೋಣೆಯ ಎ.ಸಿ. ಚಳಿಯಲ್ಲಿ ಒಂದು ತಾಸು ಕುಳಿತ ಮೇಲೆ ನಗು ನಿಲ್ಲುತ್ತಿತ್ತು. ಏನು ಕೇಳಿದರೂ ಅವರ ಮೊದಲ ಉತ್ತರ, "ನೋಡುವ."

ಎರಡು ಸಾವಿರದ ಹದಿನಾರರ ಬೇಸಗೆಯಲ್ಲಿ ಶಿರಿಯದ ಮೀನುಗಾರ ಮನೆಗಳ ಸಮೀಕ್ಷೆ ಅವರ ಪಾಲಿಗೆ ಬಂತು. ಮಳೆಗಾಲದಲ್ಲಿ ಯಾವ ಮನೆಗಳಿಗೆ ಅಕ್ಕಿ ಕೊಡಬೇಕೆಂಬುದನ್ನು ಪಂಚಾಯತು ಅದರಿಂದಲೇ ನಿರ್ಧರಿಸುವುದಿತ್ತು. ಅಂಕಿಅಂಶಗಳಿಗೆಂದೇ ಇರುವ ‘ಆರ್’ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಆ ಲೆಕ್ಕವನ್ನು ಬರೆದವಳು ಅವರ ವಿದ್ಯಾರ್ಥಿನಿ ಯಶ್ಮಿತಾ. ಆ ಭಾಷೆಯಲ್ಲಿ ‘ಸ್ವಿಚ್’ ಎಂಬುದೊಂದು ಆಜ್ಞೆ. ಕಸುಬಿನ ಹೆಸರು ಕೊಟ್ಟರೆ ಅದಕ್ಕೆ ಹೊಂದುವ ಕವಲನ್ನು ಹುಡುಕಿ, ಅಲ್ಲಿ ಹೇಳಿದ ಕೆಲಸ ಮಾಡುತ್ತದೆ. ದೋಣಿಯವರಿಗೆ, ಬಲೆಯವರಿಗೆ, ಮೀನು ಮಾರುವವರಿಗೆ ಅವಳು ಕವಲು ಬರೆದಿದ್ದಳು. ಯಾವುದಕ್ಕೂ ಹೊಂದದವರಿಗಾಗಿ ಕೊನೆಯಲ್ಲೊಂದು ಬೇಕಿತ್ತು, ಅದನ್ನು ಬರೆದಿರಲಿಲ್ಲ. ಅಂಥ ಹೆಸರು ಎದುರಾದಾಗ ಯಂತ್ರ ತಪ್ಪೆನ್ನಲಿಲ್ಲ, ನಿಲ್ಲಲೂ ಇಲ್ಲ. ಆ ಮನೆಯನ್ನು ಸುಮ್ಮನೆ ಕೈಬಿಟ್ಟು ಮುಂದೆ ಸಾಗಿತು.

ವರದಿ ಪಂಚಾಯತಿಗೆ ಹೋದ ಮೇಲೆ ಅದನ್ನು ಮತ್ತೊಮ್ಮೆ ಓದುತ್ತಿದ್ದ ಟೀಚರಿಗೆ, ತಾವೇ ಮಾತಾಡಿಸಿ ಬಂದಿದ್ದ ರಾಜೀವಿಯಕ್ಕ ನೆನಪಾದರು. ಸೊಂಟಮಟ್ಟ ಹೊಳೆನೀರಲ್ಲಿ ನಿಂತು ಮರುವಾಯಿ ಎಂಬ ಚಿಪ್ಪುಮೀನು ಹೆಕ್ಕಿ ಬದುಕುವವರು. ಹುಡುಕಿದರೆ ವರದಿಯಲ್ಲಿ ಅವರ ಮನೆಯಿಲ್ಲ. ಚಿಪ್ಪು ಹೆಕ್ಕುವವರ ಒಂದು ಮನೆಯೂ ಇಲ್ಲ.

"ಎರರ್ ಎಂತದೂ ಬರ್ಲಿಲ್ಲ ಟೀಚರ್," ಎಂದು ಯಶ್ಮಿತಾ ಅತ್ತಳು.

"ಅದೇ ಹೆದರಿಕೆ ಮಾರಾಯ್ತಿ. ಬೊಬ್ಬೆ ಹಾಕಿದ್ರೆ ನಮಗೆ ಗೊತ್ತಾಗ್ತಿತ್ತು."

ವಿಭಾಗದ ಮುಖ್ಯಸ್ಥರು ಸಮಾಧಾನ ಹೇಳಿದರು: "ಕಾಲೇಜಿನ ಮರ್ಯಾದೆ ಉಂಟಲ್ಲ ಟೀಚರೇ, ಬರುವ ವರ್ಷ ಸರಿ ಮಾಡಿ ಕೊಡುವ."

ಅಂದು ಮಾತ್ರ ಟೀಚರು ‘ನೋಡುವ’ ಎನ್ನಲಿಲ್ಲ. "ಮಳೆ ಈ ವರ್ಷವೂ ಬರ್ತದಲ್ಲ ಸರ್?" ಎಂದರು.

ಗ್ರಾಮಸಭೆಯಲ್ಲಿ ಎದ್ದುನಿಂತು, ವರದಿ ತಪ್ಪು, ತಪ್ಪು ನನ್ನದು ಎಂದಷ್ಟೇ ಹೇಳಿದರು, ಹುಡುಗಿಯ ಹೆಸರೆತ್ತಲಿಲ್ಲ. ಹಿಂದಿನ ಸಾಲಿನವರು ನಕ್ಕರು. ಆ ನಗು ಅಡಗುವವರೆಗೂ ನಿಂತೇ ಇದ್ದು, ಹೊಸ ಲೆಕ್ಕವನ್ನು ಒಪ್ಪಿಸಿ, ಅಲ್ಲಿಂದ ನೇರ ಶಿರಿಯದ ಹೊಳೆಬದಿಗೆ ಹೋದರು. ಜೊತೆಗೆ ನಾನಿದ್ದೆ.

"ರಾಜೀವಿಯಕ್ಕಾ, ನಿಮ್ಮನ್ನೆಲ್ಲ ನಾನು ಬಿಟ್ಟುಬಿಟ್ಟಿದ್ದೆ."

ರಾಜೀವಿಯಕ್ಕ ಒದ್ದೆ ಕೈಯನ್ನು ಸೆರಗಿಗೆ ಒರಸಿಕೊಂಡರು. "ಹೌದಾ? ಬಿಟ್ಟದ್ದು ನಮಗೆ ಗೊತ್ತೇ ಇಲ್ಲ ಟೀಚರೇ."

ಸಭೆಯ ನಗುವಿಗೆ ಅಲುಗದ ಆ ಮುಖ ಈ ಮಾತಿಗೆ ಕುಸಿದುದನ್ನು ಕಂಡೆ.

ಆ ಮಳೆಗಾಲದಲ್ಲಿ ಚಿಪ್ಪಿನವರ ಮನೆಗಳಿಗೂ ಅಕ್ಕಿ ತಲುಪಿತು. ಟೀಚರಿಗೆ ಮಾತ್ರ ಆಮೇಲೆ ಯಾವ ಸಮೀಕ್ಷೆಯ ಕೆಲಸವೂ ಬರಲಿಲ್ಲ. ಮೂರು ವರ್ಷ ಪಾಠವನ್ನಷ್ಟೇ ಮಾಡಿ ನಿವೃತ್ತರಾದರು. ಯಶ್ಮಿತಾ ಈಗ ಅದೇ ಪಾಠ ಮಾಡುತ್ತಾಳೆ. ಸ್ವಿಚ್ಚಿನ ಕೊನೆಯ ಕವಲನ್ನು ಮೊದಲು ಬರೆಸಿ, ಮಿಕ್ಕವನ್ನು ಆಮೇಲೆ ಬರೆಸುತ್ತಾಳೆ.

ಶಿಷ್ಯರ ತಪ್ಪನ್ನು ತಿದ್ದುವ ಗುರುಗಳು ಬಹಳ ಮಂದಿ. ನಾಲ್ಕು ಜನರ ಎದುರು ಅದನ್ನು ತಮ್ಮದೆಂದು ಹೊತ್ತುಕೊಳ್ಳುವವರು ವಿರಳ. ಅಂಥವರ ಪಾಠ ಕಾಲಾಂತರದಲ್ಲಿ ಮರೆತುಹೋದೀತು. ಆದರೆ ಅವರು ಒಮ್ಮೆ ಹೊತ್ತ ತಪ್ಪನ್ನು ಮತ್ತೆ ಮಾಡಲು ಅವರ ಮಕ್ಕಳಿಗೆ ಕೈಯೇಳುವುದಿಲ್ಲ.