ಅಪ್ಪನಿಗೆ ಕನ್ನಡಕ ಇದೆಯಾ?

ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ.

ಮೊದಲ ಕರಡು ಜೀವಕೋಶದಿಂದ ಶುರುವಾಗಿತ್ತು. 'ಪ್ರತಿ ಕೋಶದೊಳಗೂ ಒಂದು ಏಣಿ ಸುರುಳಿ ಸುತ್ತಿಕೊಂಡು ಮಲಗಿದೆ' ಎಂದು ಬರೆದು, ನನ್ನ ಬೆನ್ನು ನಾನೇ ತಟ್ಟಿಕೊಂಡು, ಕಾಫಿ ಕುಡಿದು ಬಂದು ಓದಿದರೆ ಅಯ್ಯೋ ದೇವರೇ, ಹೈಸ್ಕೂಲಿನ ವಿಜ್ಞಾನದ ಪಾಠ. ಏಣಿ ಇತ್ತು, ಹತ್ತುವುದಕ್ಕೆ ಒಬ್ಬ ಮನುಷ್ಯನೂ ಇರಲಿಲ್ಲ. ಹರಿದು ಹಾಕಿದೆ. (ಸುಳ್ಳು. ಈ ಕಾಲದಲ್ಲಿ ಯಾರು ಹರಿಯುತ್ತಾರೆ? ಡಿಲೀಟ್ ಒತ್ತಿದೆ. ಹರಿದೆ ಎಂದರೆ ಸ್ವಲ್ಪ ಗತ್ತು ಬರುತ್ತದೆ, ಅಷ್ಟೇ.)

ಎರಡನೇ ಕರಡು ಹದಿನಾರರ ಹುಡುಗಿಯೊಬ್ಬಳ ಕೋಣೆಯಿಂದ ಶುರುವಾಯಿತು. ಎಳೆದ ಪರದೆ, ಬಾಚದ ತಲೆ, ಮಂಚದ ಕೆಳಗೆ ಸ್ಕೂಲ್ ಬ್ಯಾಗು. ಒಂದು ಪ್ಯಾರಾ ಮುಗಿಯುವಷ್ಟರಲ್ಲಿ ಅವಳೇ ಹೊದಿಕೆ ಸರಿಸಿ ನನ್ನತ್ತ ನೋಡಿದಳು.

"ಕೇಳ್ದೆ ನನ್ನ ರೂಮಿಗೆ ಬಂದ್ರಲ್ಲ, ಬಾಗಿಲು ತಟ್ಟೋದು ಗೊತ್ತಿಲ್ವಾ?"

ನ್ಯಾಯವಾದ ಮಾತು. ಸಾರಿ ಎಂದು ಹೊರಗೆ ಬಂದೆ. ಹಾಗಾಗಿ ಕಥೆ ಈಗ ಅವಳ ಅಪ್ಪನ ಅಂಗಡಿಯಿಂದ. ಅಂಗಡಿಗೆ ಯಾರು ಬೇಕಾದರೂ ಬರಬಹುದು.

೧

ಕನ್ನಡಕದಂಗಡಿ. ಗೋಡೆಯುದ್ದಕ್ಕೂ ಫ್ರೇಮುಗಳು, ನಡುವೆ ಕನ್ನಡಿ. ಹಿಂದುಗಡೆ ಪರದೆ ಬಿಟ್ಟ ಪುಟ್ಟ ಜಾಗದಲ್ಲಿ ಒಂದು ಎತ್ತರದ ಕುರ್ಚಿ, ಎದುರಿಗೆ ದೀಪದ ಪೆಟ್ಟಿಗೆಯ ಮೇಲೆ ಅಕ್ಷರದ ಸಾಲುಗಳು, ಪಕ್ಕದಲ್ಲಿ ಮಸೂರಗಳನ್ನು ಸಾಲಾಗಿ ನಿಲ್ಲಿಸಿದ ಮರದ ಡಬ್ಬಿ. ಕುರ್ಚಿಯಲ್ಲಿ ಕೂತವರ ಮೂಗಿನ ಮೇಲೆ ಒಂದು ಖಾಲಿ ಚೌಕಟ್ಟು ಏರಿಸಿ, ಒಂದೊಂದೇ ಗಾಜು ಇಳಿಬಿಟ್ಟು, "ಇದ್ರಲ್ಲಿ ಚೆನ್ನಾಗಿ ಕಾಣುತ್ತಾ? ಇದ್ರಲ್ಲಾ?" ಎಂದು ಕೇಳುವುದು ಅವನ ದಿನದ ಕೆಲಸ.

ಆದರೆ ಮಕ್ಕಳು ಬಂದರೆ ಗಾಜಿಗಿಂತ ಮೊದಲು ಒಂದು ಪ್ರಶ್ನೆ.

"ಅಪ್ಪಂಗೆ ಕನ್ನಡಕ ಇದೆಯಾ? ಅಮ್ಮಂಗೆ?"

ಕೇಳಿದ್ದೇ ತಡ, ಕೆಲವು ತಾಯಂದಿರಿಗೆ ಮೂಗಿನ ತುದಿಯಲ್ಲಿ ಕೋಪ. "ನಮ್ಮ ಕಡೆ ಯಾರಿಗೂ ಇಲ್ಲಪ್ಪ. ಎಲ್ಲಾ ಅವರ ಕಡೆಯಿಂದ್ಲೇ."

ಅವನು ನಗುತ್ತಾನೆ. "ಯಾರ ಕಡೆಯಿಂದ ಬಂದ್ರೇನಮ್ಮ? ನಾನಿದ್ದೀನಲ್ಲ. ಇಲ್ದಿದ್ರೆ ಈ ಅಂಗಡಿ ಇಟ್ಕೊಂಡು ಯಾಕೆ ಕೂತಿದ್ದೀನಿ?"

ಈ ಮಾತು ನೆನಪಿರಲಿ. (ಮುಂದೆ ಬೇಕಾಗುತ್ತದೆ. ಜಾಣ ಲೇಖಕನಾದರೆ ಇದನ್ನು ಹೀಗೆ ಬಾಯಿಬಿಟ್ಟು ಹೇಳುತ್ತಿರಲಿಲ್ಲ.)

೨

ಇವತ್ತು ಬೆಳಿಗ್ಗೆ ಅವನು ಮಗಳನ್ನು ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋಗಿದ್ದ. ಮಗಳನ್ನು ಮನೆಯಲ್ಲಿ ಕರೆಯುವುದು ಗುಬ್ಬಿ ಅಂತ. ಒಂದು ಕಾಲದಲ್ಲಿ ಬಾಯಿಗೆ ಬಿಡುವೇ ಇರಲಿಲ್ಲ. ಈಗ ಕೆಲವು ತಿಂಗಳಿಂದ ಹಾಸಿಗೆ ಬಿಟ್ಟು ಏಳುವುದಿಲ್ಲ, ತಟ್ಟೆ ಹೋದ ಹಾಗೇ ವಾಪಸ್ ಬರುತ್ತದೆ. "ಏನಾಯ್ತೇ?" ಎಂದರೆ "ಏನಿಲ್ಲ" ಎನ್ನುತ್ತಾಳೆ.

ಡಾಕ್ಟರಮ್ಮ ಮಕ್ಕಳ ಮನಸ್ಸಿನ ಡಾಕ್ಟರು. ಸಮಾಧಾನದ ಹೆಂಗಸು. ಗುಬ್ಬಿಯ ಹತ್ತಿರ ತುಂಬಾ ಹೊತ್ತು ಮಾತಾಡಿ, ಕೊನೆಗೆ ಅಪ್ಪನ ಕಡೆ ತಿರುಗಿದರು.

"ಕುಟುಂಬದಲ್ಲಿ ಬೇರೆ ಯಾರಿಗಾದ್ರೂ ಮನಸ್ಸಿನ ಕಾಯಿಲೆ ಇತ್ತಾ? ಕೆಲವು ದಿನ ನಿದ್ದೆನೇ ಇಲ್ದೆ ವಿಪರೀತ ಉತ್ಸಾಹ, ಆಮೇಲೆ ಪೂರ್ತಿ ಕುಗ್ಗಿಹೋಗೋದು, ಆ ಥರ? ಯಾಕೆ ಕೇಳ್ತೀನಂದ್ರೆ, ಹಾಗಿದ್ರೆ ಕುಗ್ಗಿದ ಮನಸ್ಸಿಗೆ ಕೊಡೋ ಮಾತ್ರೆ ಬರೆಯೋಕೆ ನಾನು ಎರಡು ಸಲ ಯೋಚನೆ ಮಾಡ್ಬೇಕು. ಕೆಲವು ಮಕ್ಕಳಲ್ಲಿ ಇದು ಇಳಿದಿರೋ ಮನಸ್ಸನ್ನ ತೀರಾ ಮೇಲಕ್ಕೆ ಎತ್ತಿಬಿಡುತ್ತೆ."

"ಯಾರಿಗೂ ಇಲ್ಲ," ಎಂದ ಅವನು. ಪ್ರಶ್ನೆ ಮುಗಿಯುವುದಕ್ಕೆ ಕಾದಿದ್ದವನಂತೆ.

ಗುಬ್ಬಿ ಅಪ್ಪನ ಮುಖ ನೋಡಿದಳು. ಆಮೇಲೆ ತನ್ನ ಶೂ ನೋಡಿಕೊಂಡು ಕೂತಳು.

ಡಾಕ್ಟರಮ್ಮ ಮಾತ್ರೆ ಬರೆದುಕೊಟ್ಟರು. ನಾಳೆ ಬೆಳಿಗ್ಗೆ ತಿಂಡಿ ಆದಮೇಲೆ ಮೊದಲನೆಯದು. ಬರುವಾಗ ಕೊಂಡ ಆ ಮಾತ್ರೆಯ ಸ್ಟ್ರಿಪ್ಪು ಈಗ ಅವನ ಅಂಗಿಯ ಜೇಬಿನಲ್ಲಿದೆ, ಕೂತರೆ ಎದ್ದರೆ ಚರ್ ಎನ್ನುತ್ತಿದೆ.

೩

ಈಗ ಜಗಳದ ಭಾಗ. ಅವನಿಗೊಬ್ಬ ತಂಗಿ ಇದ್ದಾಳೆ ಎಂದು ನಾನು ಟೈಪ್ ಮಾಡುತ್ತಿದ್ದಂತೆ ಅವನು ಕೌಂಟರಿನಾಚೆಯಿಂದ ಕೈ ಅಡ್ಡ ಹಿಡಿದ.

"ಅವಳ ಸುದ್ದಿ ಬೇಡ ಸಾರ್. ನಿಮ್ಮ ಕಾಲಿಗೆ ಬೀಳ್ತೀನಿ."

"ಅವರಿಲ್ದೆ ಕಥೆನೇ ಇಲ್ವಲ್ಲ."

"ಹಾಗಿದ್ರೆ ಕಥೆನೇ ಬೇಡ. ಗಿರಾಕಿ ಬರೋ ಹೊತ್ತು, ದಾರಿ ಬಿಡಿ."

ನಾನು ಹಠಮಾರಿ, ಬರೆದೆ. ತಂಗಿ, ಅಂದರೆ ಗುಬ್ಬಿಯ ಅತ್ತೆ, ಇದೇ ಊರಿನ ಆಚೆ ತುದಿಯಲ್ಲಿದ್ದಾಳೆ. ಬೇಕರಿಯಲ್ಲಿ ಕೇಕಿನ ಮೇಲೆ ಕ್ರೀಮಿನಲ್ಲಿ ಹೆಸರು ಬರೆಯುತ್ತಾಳೆ. ಹರೆಯದಲ್ಲಿ ವಾರಗಟ್ಟಲೆ ನಿದ್ದೆಯಿಲ್ಲದೆ ಹತ್ತು ಜನರ ಮಾತು ಒಬ್ಬಳೇ ಆಡಿ, ಮನೆಯ ಪಾತ್ರೆಯನ್ನೆಲ್ಲ ದಾರಿಹೋಕರಿಗೆ ಹಂಚಿ, ಆಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದವಳು. ಆಸ್ಪತ್ರೆಗೆ ಸೇರಿಸಬೇಕಾಯಿತು. ಈಗ ದಿನಾ ಮಾತ್ರೆ ನುಂಗುತ್ತಾಳೆ, ದಿನಾ ಕೆಲಸಕ್ಕೆ ಹೋಗುತ್ತಾಳೆ, ಗೊಳ್ಳೆಂದು ನಗುತ್ತಾಳೆ.

"ಎಲ್ಲಾ ಬರೆದ್ರಲ್ಲ," ಎಂದ ಅವನು. ದನಿ ಇಳಿದಿತ್ತು. "ಇದನ್ನೂ ಬರ್ಕೊಳ್ಳಿ. ಆಸ್ಪತ್ರೆಗೆ ಅವಳನ್ನ ಹಿಡ್ಕೊಂಡು ಹೋದೋನು ನಾನು. ದಾರಿ ಉದ್ದಕ್ಕೂ 'ಅಣ್ಣಾ, ಮನೆಗೆ ಹೋಗೋಣ' ಅಂತಿದ್ಳು. ಆ ಡಾಕ್ಟರಮ್ಮನ ಮುಂದೆ, ಗುಬ್ಬಿ ಪಕ್ಕದಲ್ಲೇ ಕೂತಿರೋವಾಗ, ಹೌದು ನಮ್ಮ ಮನೇಲಿದೆ ಅಂತ ಹೆಂಗೆ ಹೇಳ್ಲಿ? ಹೇಳಿದ್ರೆ ಮಗು ತಲೆ ಮೇಲೆ ನಾನೇ ಕೈಯಾರೆ ಆ ಕಾಯಿಲೆ ಇಟ್ಟ ಹಾಗಾಗಲ್ವಾ?"

ಸರಿಯೋ ತಪ್ಪೋ ತಿಳಿಯದೆ, ಅವನು ಹೇಳಿದ್ದನ್ನು ಹಾಗೇ ಬರೆದುಕೊಂಡೆ. (ಲೇಖಕರಿಗೆ ಎಲ್ಲಾ ಗೊತ್ತಿರುತ್ತದೆ ಎಂದು ನಿಮಗೆ ಯಾರು ಹೇಳಿದರು?)

೪

ಆ ಮನೆಯ ಒಂದು ಅಭ್ಯಾಸ ಹೇಳಬೇಕು. ನೆಂಟರು ಸೇರಿದಾಗ ಗುಬ್ಬಿಯನ್ನು ನಡುವೆ ನಿಲ್ಲಿಸಿ ಪಾಲು ಮಾಡುತ್ತಾರೆ. ಮೂಗು ಅಜ್ಜಿಯದು. ನಡಿಗೆ ಅಮ್ಮನದು. ಕಣ್ಣಿನ ನಂಬರು, ಇನ್ನೇನು, ಅಪ್ಪನದೇ. ಎಡಗೈಯಲ್ಲಿ ಬರೆಯುವುದು ಯಾರೋ ದೊಡ್ಡಜ್ಜನದಂತೆ, ಅವರನ್ನು ಕಂಡವರು ಯಾರೂ ಇಲ್ಲ. ಆ ಗೊಳ್ಳೆನ್ನುವ ನಗು ಮಾತ್ರ 'ಯಾರದೋ ಏನೋ'.

ಅತ್ತೆ ಎಡಚಿ ಎಂಬುದು ಗುಬ್ಬಿಗೆ ಗೊತ್ತು. ತನ್ನ ಹುಟ್ಟುಹಬ್ಬದ ಕೇಕಿನ ಮೇಲೆ ಅತ್ತೆ ಎಡಗೈಯಲ್ಲಿ ಹೆಸರು ಬರೆಯುವುದನ್ನು ಚಿಕ್ಕವಳಿದ್ದಾಗ ಬೆರಗಾಗಿ ನೋಡಿದವಳು. ಆಮೇಲೆ ಅಪ್ಪ ಅಲ್ಲಿಗೆ ಕರೆದುಕೊಂಡು ಹೋಗುವುದನ್ನೇ ಬಿಟ್ಟ. ಅತ್ತೆಯಿಂದ ತನಗೆ ಏನೂ ಬಂದಿಲ್ಲ ಎಂದು ಎಲ್ಲರೂ ಅಷ್ಟು ಜೋಪಾನವಾಗಿ ಹೇಳುವುದನ್ನು ನೋಡಿ ನೋಡಿ, ಬಂದಿರುವುದು ದೊಡ್ಡವರು ಪಿಸುಗುಟ್ಟುವ ಆ ಕಾಯಿಲೆಯೊಂದೇ ಇರಬೇಕು ಎಂದು ಗುಬ್ಬಿ ತನ್ನಷ್ಟಕ್ಕೆ ತಾನೇ ತೀರ್ಮಾನಿಸಿಬಿಟ್ಟಿದ್ದಳು. ಅಪ್ಪನಿಗೆ ಇದು ಗೊತ್ತಿಲ್ಲ. ಹೇಳೋಣ ಎಂದರೆ ಅವನು ನನ್ನ ಜೊತೆ ಮಾತು ಬಿಟ್ಟಿದ್ದಾನೆ.

೫

ಬನ್ನಿ, ನೀವೂ ಆ ಎತ್ತರದ ಕುರ್ಚಿಯಲ್ಲಿ ಕೂತುಕೊಳ್ಳಿ. ಮುಗಿಸುವ ದಾರಿಗಳನ್ನು ಒಂದೊಂದಾಗಿ ಇಳಿಬಿಡುತ್ತೇನೆ.

ಇದರಲ್ಲಿ ಕಾಣುತ್ತಾ? ರಕ್ತದ ಟೆಸ್ಟ್ ಮಾಡಿಸುತ್ತಾರೆ, 'ಮಗಳಿಗೆ ಏನೂ ಬಂದಿಲ್ಲ' ಎಂದು ರಿಪೋರ್ಟು ಬರುತ್ತದೆ, ಎಲ್ಲರೂ ಅಪ್ಪಿಕೊಂಡು ಅಳುತ್ತಾರೆ. ಮಂಜು ಮಂಜು. ಅಂಥ ಟೆಸ್ಟೇ ಇಲ್ಲವಂತೆ. ಒಂದಲ್ಲ ಎರಡಲ್ಲ, ನೂರಾರು ಚಿಕ್ಕ ಚಿಕ್ಕ ಸಂಗತಿಗಳು ಸೇರಿ ಒಂದು ಕಡೆಗೆ ವಾಲಿಸುತ್ತವಂತೆ, ಅಷ್ಟೇ.

ಇದರಲ್ಲಿ? ಅಪ್ಪ ಬಾಯಿ ಬಿಡುವುದಿಲ್ಲ. ನಾಳೆ ತಿಂಡಿ ಆದಮೇಲೆ ಗುಬ್ಬಿ ಮಾತ್ರೆ ನುಂಗುತ್ತಾಳೆ. ಮುಂದಿನ ವಾರ ನಿದ್ದೆ ಬಿಟ್ಟು... ಬೇಡ. ಈ ಗಾಜನ್ನು ತೆಗೆಯುತ್ತಿದ್ದೇನೆ.

೬

ಮಧ್ಯಾಹ್ನ. ಅಮ್ಮ ಕೆಲಸಕ್ಕೆ ಹೋಗಿದ್ದಾಳೆ, ಮನೆಯಲ್ಲಿ ಒಬ್ಬಳೇ ಬೇಡ ಎಂದು ಗುಬ್ಬಿಯನ್ನು ಅಪ್ಪ ಅಂಗಡಿಯಲ್ಲೇ ಕೂರಿಸಿಕೊಂಡಿದ್ದಾನೆ. ಅಮ್ಮನ ಫೋನು ಬಂತು. "ನಿಮ್ಮ ತಂಗಿ ವಿಷ್ಯ ಡಾಕ್ಟ್ರಿಗೆ ಹೇಳಿದ್ರಾ?" ಎಂದದ್ದು ಪರದೆಯಾಚೆಗೂ ಕೇಳಿಸಿತು. "ಆಮೇಲೆ ಮಾಡ್ತೀನಿ," ಎಂದು ಅವನು ಇಟ್ಟುಬಿಟ್ಟ.

ಪರದೆ ಸರಿಸಿದರೆ ಗುಬ್ಬಿ ಎತ್ತರದ ಕುರ್ಚಿ ಬಿಟ್ಟು ಅವನ ಸ್ಟೂಲಿನ ಮೇಲೆ ಕೂತಿದ್ದಾಳೆ. ಕೈಯಲ್ಲಿ ಖಾಲಿ ಚೌಕಟ್ಟು.

"ಕೂತ್ಕೋ ಅಪ್ಪಾ."

"ಏನೇ ಇದು, ಮಕ್ಕಳಾಟ..."

"ಕೂತ್ಕೋ."

ಕೂತ. ಅವಳು ಅವನ ಕನ್ನಡಕ ತೆಗೆದಿಟ್ಟು, ಚೌಕಟ್ಟನ್ನು ಅವನ ಮೂಗಿನ ಮೇಲೆ ಏರಿಸಿ, ಕಿವಿಯ ಹಿಂದೆ ಸರಿಮಾಡಿದಳು. ಎಷ್ಟೋ ದಿನದ ಮೇಲೆ ಅವಳಾಗಿಯೇ ಅಪ್ಪನನ್ನು ಮುಟ್ಟಿದ್ದು.

"ಅಪ್ಪಂಗೆ ಇದೆಯಾ?"

ಅವನಿಗೆ ಅರ್ಥವಾಯಿತು. ಓಡಿಹೋಗೋಣ ಎಂದರೆ ಕುರ್ಚಿ ಎತ್ತರ.

"ಇಲ್ಲ ಪುಟ್ಟಾ."

"ಅಮ್ಮಂಗೆ?"

"ಇಲ್ಲ."

"ಅತ್ತೆಗೆ?"

ಅವನು ನನ್ನ ಕಡೆ ನೋಡಿದ. ಪಾರು ಮಾಡಿ ಎನ್ನುವ ನೋಟ. ಒಬ್ಬ ಗಿರಾಕಿಯನ್ನು ಒಳಗೆ ಕಳಿಸಬಹುದಿತ್ತು, ಕರೆಂಟು ತೆಗೆಯಬಹುದಿತ್ತು, ನನ್ನ ಕೈಯಲ್ಲೇ ಇತ್ತು. ನಾನು ಕೀಲಿಮಣೆಯಿಂದ ಕೈ ತೆಗೆದು ಸುಮ್ಮನೆ ಕೂತೆ. ಮುಂದಿನದನ್ನು ನಾನು ಬರೆಯಲಿಲ್ಲ, ಅವನೇ ಹೇಳಿದ.

"ಅತ್ತೆಗೆ ಇದೆ."

"ಹಾಗಿದ್ರೆ ನಂಗೂ ಬರುತ್ತಾ?"

ಗಾಜಿಲ್ಲದ ಚೌಕಟ್ಟಿನಲ್ಲಿ ಕಣ್ಣು ತುಂಬಿದ್ದು ಚೆನ್ನಾಗಿಯೇ ಕಂಡಿತು.

"ಗೊತ್ತಿಲ್ಲ ಕಂದಾ. ಬರದೇ ಇರಬಹುದು. ಬಂದ್ರೂ..." ಎಂದು ನಿಂತ. ಆಮೇಲೆ, ದಿನಾ ಹೇಳಿ ಹೇಳಿ ನಾಲಿಗೆಗೆ ರೂಢಿಯಾದ ಮಾತು ತಾನಾಗಿಯೇ ಬಂತು. "ಬಂದ್ರೇನಮ್ಮ, ನಾನಿದ್ದೀನಲ್ಲ. ಇಲ್ದಿದ್ರೆ ನಾನ್ಯಾಕೆ ಇದ್ದೀನಿ?"

ಗುಬ್ಬಿ ಅತ್ತಳು. ಬಿಕ್ಕಿ ಬಿಕ್ಕಿ, ಚಿಕ್ಕ ಮಗುವಿನ ಹಾಗೆ. ಅವನು ಕುರ್ಚಿ ಇಳಿದು ತಬ್ಬಿಕೊಂಡ, ಜೇಬಿನ ಮಾತ್ರೆ ಸ್ಟ್ರಿಪ್ಪು ಇಬ್ಬರ ನಡುವೆ ಚರ್ ಎಂದಿತು. ಮೂಗಿನ ಮೇಲೆ ಚೌಕಟ್ಟು ಇಟ್ಟುಕೊಂಡೇ ಡಾಕ್ಟರಮ್ಮನಿಗೆ ಫೋನು ಮಾಡಿದ.

"ಮೇಡಂ, ಬೆಳಿಗ್ಗೆ ಸುಳ್ಳು ಹೇಳ್ಬಿಟ್ಟೆ. ಇದೆ ಮೇಡಂ. ನನ್ನ ಸ್ವಂತ ತಂಗಿಗೆ."

ಅವರು ಬೈಯಲಿಲ್ಲ. ಫೋನು ಸ್ಪೀಕರಿನಲ್ಲಿತ್ತು, ಗುಬ್ಬಿಗೂ ಕೇಳಿಸಿತು. "ಹೇಳಿದ್ದು ತುಂಬಾ ಒಳ್ಳೇದಾಯ್ತು. ಅತ್ತೆಗಿದ್ರೆ ಮಗೂಗೂ ಬಂದೇ ಬರುತ್ತೆ ಅಂತೇನಿಲ್ಲ, ಬರದೇ ಇರೋರೇ ಜಾಸ್ತಿ. ಆ ಮಾತ್ರೆ ಮಾತ್ರ ಶುರು ಮಾಡ್ಬೇಡಿ. ನಾಳೆ ಬನ್ನಿ. ಆಗೋದಾದ್ರೆ ನಿಮ್ಮ ತಂಗಿನೂ ಕರ್ಕೊಂಡು ಬನ್ನಿ. ಅವರಿಗೆ ಯಾವ ಔಷಧಿ ಒಗ್ಗಿತು ಅಂತ ಕೇಳ್ಬೇಕು."

ಇಲ್ಲಿಗೆ ನಿಲ್ಲಿಸಬಹುದು, ಅಲ್ಲವೇ? ಆದರೆ ನಿಮಗೆ ಗೊತ್ತಾಗಬೇಕಾದ್ದು ಬೇರೆ. ಗುಬ್ಬಿ ಹುಷಾರಾಗುತ್ತಾಳಾ? ಇಪ್ಪತ್ತು ದಾಟಿದ ಮೇಲೆ ಅವಳಿಗೂ ಅದು ಬರುತ್ತದಾ? ನನ್ನನ್ನು ಕೇಳಬೇಡಿ. ಗೊತ್ತಿಲ್ಲ. ಗೊತ್ತಿದ್ದರೂ ಅವಳಿಗಿಂತ ಮೊದಲು ನಿಮಗೆ ಹೇಳುವುದು ಸರಿಯಲ್ಲ.

ಗುಬ್ಬಿ ಮೂಗೊರೆಸಿಕೊಂಡು ಅಪ್ಪನ ಫೋನು ತೆಗೆದುಕೊಂಡಳು. ಎಡಗೈಯಲ್ಲಿ ಅತ್ತೆಯ ನಂಬರು ಹುಡುಕಿ ಒತ್ತಿದಳು. ರಿಂಗಾಗುತ್ತಿರುವಾಗ ನನ್ನತ್ತ ತಿರುಗಿದಳು.

"ನೀವು ಸ್ವಲ್ಪ ಆಚೆ ಇರ್ತೀರಾ? ನಾನು ಅತ್ತೆ ಹತ್ರ ಮಾತಾಡ್ಬೇಕು."

ಈ ಸಲ ನನಗೆ ಬುದ್ಧಿ ಬಂದಿತ್ತು. ಹೊರಗೆ ಬಂದು ಬಾಗಿಲು ಮುಂದೆಳೆದುಕೊಂಡೆ. ನೀವೂ ಬನ್ನಿ, ಇಣುಕಬೇಡಿ. ಆದರೆ ಅಂಗಡಿಯ ಬಾಗಿಲು ಗಾಜಿನದು, ನಾನೇನು ಮಾಡಲಿ? ಏನು ಮಾತಾಡುತ್ತಿದ್ದಾರೆ ಎಂಬುದು ಕೇಳಿಸುತ್ತಿಲ್ಲ. ಗುಬ್ಬಿ ಫೋನು ಕಿವಿಗೆ ಒತ್ತಿ ಹಿಡಿದಿದ್ದಾಳೆ. ಆಚೆಯಿಂದ ಅತ್ತೆ ಏನೋ ಹೇಳಿರಬೇಕು. ಗುಬ್ಬಿಗೆ ಒಂದು ನಗು ಬಂತು, ಚಿಕ್ಕದು, ಆದರೂ ಗೊಳ್ಳೆಂದು, ಗಾಜಿನಾಚೆಗೂ ಕೇಳಿಸುವಷ್ಟು. ಅಪ್ಪ ಚೌಕಟ್ಟು ತೆಗೆಯುವುದನ್ನೂ ಮರೆತು ಅವಳನ್ನೇ ನೋಡುತ್ತ, ಬಾಯಲ್ಲಿ ಏನೋ ಅಂದ. ತುಟಿಯಾಡಿದ್ದು ನೋಡಿದರೆ, "ನನ್ನ ತಂಗೀದೇ ನಗು" ಎಂದಿರಬೇಕು.